ಒಳಗಿನ ಪ್ಲಂಬರ್

ಊರವರ ಪೈಪುಗಳನ್ನೆಲ್ಲ ಬಿಡಿಸಿಕೊಡುವ ಪ್ಲಂಬರ್‌ನ ಮನೆಯ ಸಿಂಕೇ ಒಂದು ತಿಂಗಳಿಂದ ಕಟ್ಟಿಕೊಂಡಿತ್ತು. (ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.) ಅದು ಸಾಲದೆಂದು ಈಗ ಅವನ ಎಡಗಾಲು ಊದಿಕೊಂಡಿತು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, "ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ" ಎಂದು ಬರೆದುಕೊಟ್ಟದ್ದು ಒಂದು ಪುಟಾಣಿ ಮಾತ್ರೆ.

ಪ್ಲಂಬರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ದಂಗಾಗಿ ಕೂತ. ಮೂವತ್ತು ವರ್ಷ ಸರಳು, ಸ್ಪ್ರಿಂಗು, ಆಸಿಡ್ಡು ಎಂದು ಒದ್ದಾಡಿದ ಮಹಾನುಭಾವ ಅವನು.

"ನೋಡೇ, ಒಂದು ನಟ್ಟು ಬಿಚ್ಚದೆ, ಒಂದು ಟೈಲ್ಸ್ ಒಡೀದೆ ಬ್ಲಾಕ್ ತೆಗೆಯುತ್ತಂತೆ! ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಕಣೇ!"

"ಹೊಗಳಿದ್ದು ಸಾಕು, ನುಂಗ್ರಿ" ಎಂದಳು ಹೆಂಡತಿ.

ಹತ್ತು ದಿನಕ್ಕೆ ಊತ ಇಳಿಯಿತು. ಪ್ಲಂಬರ್ ತನ್ನ ಶಾಸ್ತ್ರದ ಪ್ರಕಾರ ತೀರ್ಮಾನಿಸಿದ: ಪೈಪಿನ ಕಟ್ಟು ಬಿಟ್ಟ ಮೇಲೂ ಆಸಿಡ್ ಸುರಿಯುವವನು ಶತಮೂರ್ಖ, ಪೈಪೇ ತೂತಾಗುತ್ತದೆ! ಅಂದಿನಿಂದ ಅವನ ಗಂಟಲಿಗೆ ನೀರಷ್ಟೇ ಇಳಿಯಿತು. ಮಾತ್ರೆ ಕೈಯಲ್ಲೇ ಉಳಿದು ವಾಷರ್ ಡಬ್ಬಿ ಸೇರಿತು.

ನಾಲ್ಕನೆಯ ದಿನ ಹೆಂಡತಿ, ಇವರನ್ನು ಕಾಯುತ್ತ ಕೂತರೆ ಆಗದು, ಸಿಂಕನ್ನು ನಾನೇ ಬಿಡಿಸುತ್ತೇನೆ ಎಂದು ಅವನ ಸಾಮಾನಿನ ಚೀಲಕ್ಕೆ ಕೈಹಾಕಿದಳು. ಡಬ್ಬಿ ತೆರೆದರೆ ವಾಷರುಗಳ ನಡುವೆ ಮೂರು ಮಾತ್ರೆ! ಡಬ್ಬಿ ಹಿಡಿದುಕೊಂಡೇ ಗಂಡನ ಬಳಿಗೆ ಓಡಿದಳು.

"ರೀ! ನಿಮಗೇನಾದ್ರೂ ಆದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದು ಅತ್ತೇಬಿಟ್ಟಳು. ಅಳು ಮುಗಿದ ಕೂಡಲೇ (ಬಹಳ ಹೊತ್ತೇನೂ ಹಿಡಿಯಲಿಲ್ಲ) ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಕಾಲನ್ನು ಮತ್ತೆ ಪರೀಕ್ಷಿಸಿದರು. "ಪುಣ್ಯಕ್ಕೆ ಏನೂ ಆಗಿಲ್ಲ. ಆದ್ರೆ ಯಜಮಾನ್ರೇ, ಈ ಮಾತ್ರೆ ಹೆಪ್ಪನ್ನ ಕರಗಿಸೋದಿಲ್ಲ. ಅದು ಬೆಳೀದ ಹಾಗೆ ಕಾವಲು ಕೂರುತ್ತೆ, ಅಷ್ಟೆ. ಕರಗಿಸೋದು ನಿಮ್ಮ ದೇಹವೇ, ದಿನಾ ಚೂರು ಚೂರೇ. ಕೆಲಸ ಇನ್ನೂ ನಡೀತಿದೆ. ನಾನು ಹೇಳೋ ತನಕ ನಿಲ್ಲಿಸಬೇಡಿ."

ಪ್ಲಂಬರ್ ಬಾಯಿ ಬಿಟ್ಟುಕೊಂಡು ತನ್ನ ಕಾಲನ್ನೇ ನೋಡಿದ. ಮನೆ ತಲುಪುವವರೆಗೂ ಅದೇ ಮಾತು. "ನನ್ನೊಳಗೇ ಒಬ್ಬ ಪ್ಲಂಬರ್ ಇದಾನೆ ಕಣೇ! ಸದ್ದಿಲ್ಲ, ಗಲೀಜಿಲ್ಲ, ನಾನು ಮಲಗಿದ್ರೂ ಕೆಲಸ ಮಾಡ್ತಾನೆ. ಅಬ್ಬಬ್ಬಾ, ಎಂಥಾ ಕಸುಬುದಾರ!"

ಹೆಂಡತಿ ಮಾತ್ರೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಬಾಯಿ ತೆರೆದಳು. "ಹೌದು, ಅವನು ಕರೆಯೋಕ್ಕೆ ಮುಂಚೇನೇ ಬಂದಿದಾನೆ. ಹೊರಗಿನವನನ್ನ ಒಂದು ತಿಂಗಳಿಂದ ಕರೀತಿದೀನಿ."

ಪ್ಲಂಬರ್ ತೆಪ್ಪಗೆ ಸಿಂಕಿನಡಿ ತಲೆ ತೂರಿಸಿದ. ಒಳಗಿನಿಂದ ಸಣ್ಣ ದನಿ ಬಂತು: "ಸ್ವಲ್ಪ ಟಾರ್ಚ್ ಹಿಡ್ಕೊಳ್ಳೇ."

"ಒಳಗಿನವನು ಅದನ್ನೂ ಕೇಳಲ್ಲ" ಎನ್ನುತ್ತ ಅವಳು ಟಾರ್ಚ್ ಹಿಡಿದಳು.