ಗಾಜಿನ ಹೊಟ್ಟೆಗೆ ಹುಣಸೆಬೀಜ

ಬಿಳಿ ಕೋಟು ಹಾಕಿಕೊಂಡು ಮಾಡುವ ಕೆಲಸದಲ್ಲಿ ನಗುವುದಕ್ಕೆ ಏನಿರುತ್ತೆ ಅಂತ ಜನ ಕೇಳುತ್ತಾರೆ. ನಾನು ಕಂಡ ಹಾಗೆ, ಕೋಟು ಬೆಳ್ಳಗಿದ್ದಷ್ಟೂ ಪೇಚು ಎದ್ದು ಕಾಣುತ್ತೆ.

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ಬಿ.ಫಾರ್ಮ ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಔಷಧಿ ಕಾರ್ಖಾನೆಯ ಲ್ಯಾಬಿಗೆ ಟ್ರೈನಿಯಾಗಿ ಸೇರಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತಿತ್ತು. ಆದರೆ ಯಾವ ಭಾಷೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ಲ್ಯಾಬಿನ ಮುಖ್ಯಸ್ಥರನ್ನು ನಾವೆಲ್ಲ ಬರೀ ‘ಸಾರ್’ ಅನ್ನುತ್ತಿದ್ದೆವು. ಅವರು ಮೊದಲ ದಿನವೇ ಹೇಳಿಬಿಟ್ಟರು:

“ಹುಣಸೆಬೀಜದ ಪುಡಿ ಹಾಕಿ ನೋವಿನ ಮಾತ್ರೆ ಮಾಡು. ನೀರು ಕುಡಿದು ಲೋಳೆಯಾಗಿ ಉಬ್ಬಬೇಕು, ಒಳಗಿನ ಔಷಧಿ ಇಷ್ಟಿಷ್ಟೇ ಈಚೆ ಬರಬೇಕು. ಬೆಳಿಗ್ಗೆ ನುಂಗಿದ್ದು ಸಂಜೆವರೆಗೂ ಕೆಲಸ ಮಾಡಬೇಕು. ಮೂರು ತಿಂಗಳಲ್ಲಿ ಆದರೆ ಖಾಯಂ. ಆಗದಿದ್ದರೆ ಪ್ಯಾಕಿಂಗ್‌ನಲ್ಲಿ ಲೇಬಲ್ ಅಂಟಿಸೋಕೆ ಜನ ಬೇಕಾಗಿದ್ದಾರೆ.”

೧. ಅಮ್ಮನ ಕೈ

ಹುಣಸೆಬೀಜದ ಸಿಪ್ಪೆ ಬಿಡಿಸಬೇಕಾದರೆ ಮೊದಲು ಹುರಿಯಬೇಕು. ಮನೆಯಲ್ಲಿ ನಾನು ಹುರಿಯುವ ಚಂದ ನೋಡಲಾರದೆ ಅಮ್ಮ ಸೌಟು ಕಿತ್ತುಕೊಂಡಳು. “ಏಳೇ ಆ ಕಡೆ. ಇದೇನು ಪರೀಕ್ಷೆಗೆ ಓದೋದಾ?”

ಯಾಕೆ ಏನು ಅಂತ ಕೇಳಿದಳು. ಸಾರ್ ‘ಹೈಡ್ರೋಜೆಲ್’ ಅನ್ನುತ್ತಿದ್ದುದನ್ನು ಕನ್ನಡದಲ್ಲಿ ಹೇಳಲು ತಡಕಾಡಿದೆ. “ಅಮ್ಮ, ಅದು... ಒಳಗೆ ಎಲ್ಲಾ ಇರುತ್ತೆ... ಆದರೆ ಒಟ್ಟಿಗೆ ಬರಲ್ಲ... ಸ್ವಲ್ಪ ಸ್ವಲ್ಪವೇ...”

“ಗೊತ್ತಾಯ್ತು ಬಿಡು,” ಅಂದಳು ಅಮ್ಮ. “ನಿನ್ನ ಬಾಯಿಂದ ಮಾತು ಬರೋ ಹಾಗೆ.”

೨. ಗಾಜಿನ ಹೊಟ್ಟೆ

ಲ್ಯಾಬಿನಲ್ಲಿ ಒಂದು ಯಂತ್ರವಿತ್ತು. ಗಾಜಿನ ಪಾತ್ರೆಯಲ್ಲಿ ಮೈಬಿಸಿಯಷ್ಟು ಬೆಚ್ಚಗಿನ ನೀರು, ಒಳಗೆ ದೋಣಿಯದರ ಹಾಗೆ ತಿರುಗುವ ಒಂದು ಪುಟ್ಟ ಹುಟ್ಟು. ಮಾತ್ರೆ ಹೊಟ್ಟೆಗೆ ಹೋದರೆ ಏನಾಗುತ್ತೆ ಅಂತ ಅಲ್ಲೇ ನೋಡಬಹುದು. ನಾವು ಅದನ್ನು ಗಾಜಿನ ಹೊಟ್ಟೆ ಅನ್ನುತ್ತಿದ್ದೆವು.

ಅಮ್ಮ ಹುರಿದ ಬೀಜದ ಮಾತ್ರೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟೆ. ಸಂಜೆವರೆಗೂ ಕೂರುವವಳಿಗೆ ಬೇಕೆಂದು ಸ್ಟೂಲು, ನೋಟ್‌ಬುಕ್ಕು, ಊಟದ ಡಬ್ಬಿ ಎಲ್ಲ ಜೋಡಿಸಿಕೊಂಡು ಕೂತೆ. ಮುಕ್ಕಾಲು ಗಂಟೆಗೆ ಮಾತ್ರೆ ಪೂರ್ತಿ ಮಾಯ.

ಸಾರ್ ಬಗ್ಗಿ ನೋಡಿದರು. “ತಿಂಡಿಗೆ ಮುಂಚೆ ಬಂದು ತಿಂಡಿ ತಿಂದ ತಕ್ಷಣ ಹೊರಡೋ ನೆಂಟರನ್ನ ನಾನು ಇವತ್ತೇ ನೋಡಿದ್ದು.”

ಹೀಗೇ ಎರಡು ತಿಂಗಳು ಕಳೆಯಿತು. ಪುಡಿ ಜಾಸ್ತಿ ಹಾಕಿದೆ, ಮಾತ್ರೆಯನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ. ಒಂದು ಗಂಟೆಯ ಮೇಲೆ ಯಾವುದೂ ನಿಲ್ಲಲಿಲ್ಲ. ಪ್ಯಾಕಿಂಗ್ ರೂಮಿನವರು ನನ್ನನ್ನು ಕಂಡರೆ ಈಗೀಗ ತುಂಬಾ ಪ್ರೀತಿಯಿಂದ ನಗುತ್ತಿದ್ದರು.

೩. ಒಂದೇ ಮೂಟೆ

ಇನ್ನಷ್ಟು ಬೀಜ ಬೇಕೆಂದು ಟಿ. ನರಸೀಪುರದ ಹತ್ತಿರದ ಸೋದರತ್ತೆಯ ಊರಿಗೆ ಹೋದೆ. ಅವರ ಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು, ಬೀಜದ ಮೂಟೆ ಜಗುಲಿ ಮೇಲಿತ್ತು. ನಾನು ಮೂಟೆಗೆ ಕೈ ಹಾಕುವ ಹೊತ್ತಿಗೆ ಆ ಕಡೆಯಿಂದ ಇನ್ನೊಂದು ಕೈ ಬಂತು. ಹಿಂದಿನ ಬೀದಿಯಲ್ಲಿ ಕಂಬಳಿ ನೇಯುವವರ ಮನೆಯ ಅಜ್ಜಿ. ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದು ಅವರ ಕೆಲಸ.

“ನೀನ್ಯಾವ ಕಂಬ್ಳಿಗೆ ಒಯ್ತಿಯವ್ವ?”

“ಕಂಬಳಿಗಲ್ಲ ಅಜ್ಜಿ. ಮಾತ್ರೆಗೆ. ಹೊಟ್ಟೆಗೆ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಟ್ಟೇಗೂ ಚಳಿಯಾಯ್ತದಾ?”

ನಾಚಿಕೆಯಲ್ಲೇ ಬ್ಯಾಗಿನಿಂದ ಅಮ್ಮನ ಪುಡಿ ತೆಗೆದು ತೋರಿಸಿದೆ. ಬಿಸಿನೀರಲ್ಲಿ ಕಲಸಿ ಬೆರಳಿಗೆ ಹಚ್ಚಿ ಎಳೆದು ನೋಡಿದರು. “ಏನವ್ವ ಇದು, ನೀರಂಗದೆ. ಇದು ತಿನ್ನೋ ಬೀಜ. ಯಾರೋ ಆಸೆಪಟ್ಟು ಕಪ್ಪಗೆ ಉರಿದವ್ರೆ. ಅಂಟೆಲ್ಲ ಒಲೇಲೇ ಸತ್ತೋಗದೆ. ಸಿಪ್ಪೆ ಬಿರುಕು ಬುಟ್ಟೇಟ್ಗೆ ಇಳಿಸ್ಬುಡ್ಬೇಕು.”

ಎರಡು ತಿಂಗಳಿಂದ ನನ್ನ ಲೈಬ್ರರಿ ಪುಸ್ತಕಗಳು ಹೇಳದೇ ಇದ್ದುದನ್ನು ಒಂದೇ ಬೆರಳು ಹೇಳಿತ್ತು. ಖುಷಿಯಲ್ಲಿ ಇಂಗ್ಲಿಷಿನಲ್ಲೇ ಥ್ಯಾಂಕ್ಸ್ ಅಂದೆ.

“ಅದೆಲ್ಲ ಬ್ಯಾಡ,” ಅಂದರು ಅಜ್ಜಿ. “ಮೂಟೆ ಬುಡು.”

೪. ಮೊಂಡು ಮಾತ್ರೆ

ಮೂಟೆಯಿಂದ ಅಜ್ಜಿ ಅಳೆದುಕೊಟ್ಟ ಒಂದೆರಡು ಸೇರು ಬೀಜವನ್ನು ಅವರು ಹೇಳಿದ ಹಾಗೆ ಹದವಾಗಿ ಹುರಿದು ಮಾತ್ರೆ ಮಾಡಿದೆ. ಮಧ್ಯಾಹ್ನವಾಯ್ತು, ಇದೆ. ಸಂಜೆಯಾಯ್ತು, ಇದೆ. ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಕಪ್ಪೆ ಕಣ್ಣಿನ ಹಾಗೆ ಉಬ್ಬಿಕೊಂಡು ನನ್ನನ್ನೇ ನೋಡುತ್ತಿದೆ. ಔಷಧಿಯನ್ನು ಮಾತ್ರ ಕಾಲುಭಾಗವೂ ಬಿಟ್ಟುಕೊಟ್ಟಿಲ್ಲ.

ಸಾರ್ ಕನ್ನಡಕ ಒರೆಸಿಕೊಂಡರು. “ರೋಗಿ ನೋವು ಮರೆತು, ಮದುವೆಯಾಗಿ, ಮಗೂಗೆ ನಾಮಕರಣ ಮಾಡೋ ಹೊತ್ತಿಗೆ ಈ ಮಾತ್ರೆ ಕೆಲಸ ಶುರುಮಾಡುತ್ತೆ ಕಣಮ್ಮ.”

ಇಂಥ ಮೊಂಡು ಮಾತ್ರೆಗಳಲ್ಲೇ ಮತ್ತೆ ಮೂರು ವಾರ ಹೋಯಿತು. ಉಳಿದಿದ್ದು ಒಂದು ವಾರ. ಅಮ್ಮನ ಪುಡಿಗೆ ಅವಸರ, ಅಜ್ಜಿಯ ಪುಡಿಗೆ ಹಟ. ಎರಡನ್ನೂ ಸಮಸಮ ಬೆರೆಸಿ ಮಾತ್ರೆ ಮಾಡಿ ಗಾಜಿನ ಹೊಟ್ಟೆಗೆ ಬಿಟ್ಟೆ. ಗಂಟೆಗೊಮ್ಮೆ ನೀರು ತೆಗೆದು ಪರೀಕ್ಷಿಸಿದೆ. ಸಂಜೆ ಐದಕ್ಕೆ, ಔಷಧಿ ಪೂರ್ತಿ ಹೊರಗೆ! ಮತ್ತೆ ಎರಡು ದಿನ ಮಾಡಿದೆ, ಮತ್ತೆ ಐದೇ. ನಾನು ಕುಣಿಯಲಿಲ್ಲ. ಸ್ಟೂಲು ಕುಣಿಯಿತು.

೫. ಮೂಗಿನ ಅಳತೆ

“ಸರಿ,” ಅಂದರು ಸಾರ್, “ಆ ಕಪ್ಪು ಬೀಜ ಎಷ್ಟು ಡಿಗ್ರಿ, ಎಷ್ಟು ನಿಮಿಷ ಹುರಿದದ್ದು? ಅದು ಕಾಗದದ ಮೇಲೆ ಬಂದರೆ ನಿನ್ನದು ಖಾಯಂ.”

“ಘಮ ಅಂದಾಗ ಇಳಿಸೋದು ಸಾರ್.”

“ಯಾರು ಹೇಳಿದ್ದು?”

“ನಮ್ಮಮ್ಮ.”

“ಅವರ ಕ್ವಾಲಿಫಿಕೇಷನ್?”

“ಎಸ್ಸೆಸ್ಸೆಲ್ಸಿ ಫೇಲ್, ಸಾರ್. ಆದರೆ ಯಾವತ್ತೂ ಸೀಯಿಸಿಲ್ಲ.”

ಮಾರನೇ ದಿನ ಅಮ್ಮ ಸ್ವಂತ ಬಾಣಲೆ ಹಿಡಿದು ಲ್ಯಾಬಿಗೆ ಬಂದಳು. ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿಸಿದರು. ಒಂದು ನಿಮಿಷ ಸೌಟು ಆಡಿಸಿ ನಿಲ್ಲಿಸಿಬಿಟ್ಟಳು. “ಸಾರ್, ಮೂಗು ಮುಚ್ಚಿಬಿಟ್ರೆ ನಾನು ಯಾತರಲ್ಲಿ ನೋಡ್ಲಿ?” ಮಾಸ್ಕ್ ಇಳಿಯಿತು.

ಸಾರ್ ಥರ್ಮಾಮೀಟರ್ ಹಿಡಿದು ನಿಂತರು. ಅಮ್ಮ ಮೂರು ಸಲ ಹುರಿದಳು, ಮೂರು ಸಲವೂ ಮೂಗಿನ ಅಪ್ಪಣೆ ಮೇಲೇ ಇಳಿಸಿದಳು. ಮೂರು ಸಲವೂ ಹೆಚ್ಚುಕಮ್ಮಿ ಅದೇ ಡಿಗ್ರಿ, ಅದೇ ನಿಮಿಷ. ಸಾರ್ ಥರ್ಮಾಮೀಟರನ್ನು ಒದರಿ ಒದರಿ ನೋಡಿದರು.

ಅಷ್ಟರಲ್ಲಿ ಘಮ ಕಾರಿಡಾರಿಗೆ ಹೋಗಿತ್ತು. ಪ್ಯಾಕಿಂಗ್ ರೂಮಿನವರು ಬಂದರು, ಗೇಟಿನವರು ಬಂದರು. “ಒಂದೇ ಒಂದು, ಅಮ್ಮಾ” ಅಂತ ಒಬ್ಬೊಬ್ಬರೂ ಒಂದು ಹಿಡಿ ತಗೊಂಡರು. ಅಮ್ಮ ಸಾರ್ ಕೈಗೂ ಹಾಕಿದಳು.

ನಾನು ಧೈರ್ಯ ಮಾಡಿದೆ. “ಸಾರ್, ನನ್ನ ಕೆಲಸ...”

ಸಾರ್ ಬೆರಳೆತ್ತಿ ‘ತಾಳು’ ಅಂತ ಸನ್ನೆ ಮಾಡಿದರು. ಕಲ್ಲಿನಂಥ ಬೀಜ ಒಂದು ಕೆನ್ನೆಯಲ್ಲಿ ಗುಬುಟಾಗಿ ಕೂತಿತ್ತು. ಡ್ರಾಯರ್ ಎಳೆದು, ಆರ್ಡರ್‌ಗೆ ಸಹಿ ಹಾಕಿ, ನನ್ನ ಕಡೆ ತಳ್ಳಿದರು. ಖಾಯಂ! ಅಮ್ಮ ಬಾಣಲೆ ಸಮೇತ ನನ್ನನ್ನು ತಬ್ಬಿಕೊಂಡಳು.

ಖಾಯಂ ನೌಕರಳಾಗಿ ನನ್ನ ಮೊದಲ ಕೆಲಸ, ಹುರಿದ ಬೀಜ ತೂಗಿ ರಿಜಿಸ್ಟರಿನಲ್ಲಿ ಬರೆಯುವುದು. ಇಟ್ಟಿದ್ದರಲ್ಲಿ ಅರ್ಧವೂ ಇರಲಿಲ್ಲ. ಪಕ್ಕದಲ್ಲೇ ಒಂದು ಕಾಲಂ: ‘ತೂಕ ಕಡಿಮೆಯಾಗಲು ಕಾರಣ’. ನಾನು ಪೆನ್ನು ಎತ್ತಿ ಸಾರ್ ಕೆನ್ನೆಯನ್ನೇ ನೋಡಿದೆ.

ಸಾರ್ ಮೆಲ್ಲಗೆ ನನ್ನ ಕೈಯಿಂದ ಪೆನ್ನು ತಗೊಂಡು, ತಾವೇ ಬರೆದರು: ‘ತೇವಾಂಶ’.