ಹೋಗಿ ಬಂದ ದೆವ್ವ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಒಂದನ್ನು ಬಿಟ್ಟು ಮಿಕ್ಕೆಲ್ಲ ನಡೆಯುತ್ತದೆ. ಈ ಬೇಸಿಗೆ ರಜೆಯಲ್ಲಂತೂ ಅದು ಸಮುದ್ರವೇ ಆಗಿಬಿಟ್ಟಿತ್ತು.

ಕಾರಣ ನಮ್ಮಮ್ಮ. ಅರಸೀಕೆರೆಯ ಅಣ್ಣನ ಮನೆಯಿಂದ ಒಂದು ತಿಂಗಳಿಗೆಂದು ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದವಳು, ಬಂದ ಮೂರನೇ ದಿನವೇ ಎಂಟು ವರ್ಷದ ನನ್ನ ಮಗಳನ್ನು ಚೌಕಾಬಾರದಲ್ಲಿ ಸೋಲಿಸಿದಳು. ಇನ್ನೇನು ಹಣ್ಣಾಗಬೇಕಿದ್ದ ಕಾಯಿಯನ್ನು ದಯೆ ದಾಕ್ಷಿಣ್ಯವಿಲ್ಲದೆ ಕಡಿದಳು.

"ಮಗು ಮುಂದೆ ಒಂದ್ಸಲ ಸೋಲಬಾರ್ದಾ ಅಮ್ಮಾ?" ಅಂದೆ.

"ಆಟ ಅಂದ್ಮೇಲೆ ಆಟ ಕಣೋ," ಅಂದಳು.

ಮಗಳು ಅಜ್ಜಿಯ ಜೊತೆ ಮಾತು ಬಿಟ್ಟಳು. ವರ್ಷಕ್ಕೊಮ್ಮೆ ಸಿಗುವ ಅಜ್ಜಿ. ಒಂದು ವಾರ ಇಬ್ಬರೂ ಮುಖ ತಿರುಗಿಸಿಕೊಂಡೇ ಕಳೆದರು. ನನಗೆ ಸಂಕಟವಾಗಿ, ಯಾರೂ ಯಾರನ್ನೂ ಸೋಲಿಸದ ಆಟ ಹುಡುಕಲು ಹೊರಟೆ.

ಸಹಕಾರ

ಆರ್.ಟಿ. ನಗರದ ಅಂಗಡಿಯವರು ಒಂದು ದೊಡ್ಡ ಡಬ್ಬಿ ಮುಂದಿಟ್ಟರು. "ಇದು ಕಥೆ ಇರೋ ಆಟ ಸಾರ್. ಎಲ್ಲರೂ ಒಂದೇ ಕಡೆ. ಗೆದ್ರೆ ಒಟ್ಟಿಗೆ, ಸೋತ್ರೆ ಒಟ್ಟಿಗೆ. ಪೂರ್ತಿ ಸಹಕಾರ."

"ಎಷ್ಟು ಜನ ಆಡ್ಬಹುದು?"

"ಒಬ್ಬರಿಂದ ನಾಲ್ಕು ಜನ."

"ಒಬ್ಬರೇ ಆಡಿದ್ರೆ ಅದು ಹ್ಯಾಗೆ ಸಹಕಾರ ಆಗತ್ತೆ?"

ಅವರು ನನ್ನನ್ನು ಮರುಕದಿಂದ ನೋಡಿದರು. "ಮನೇಲಿ ಯಾರೂ ಸಹಕಾರ ಕೊಡದೋರೇ ಸಾರ್ ಇದನ್ನ ಜಾಸ್ತಿ ತಗೊಂಡೋಗೋದು."

ದೋಣಿ

ಮಗಳಿಗೆ ಕೊಡುವ ಮೊದಲು ನಾನೇ ಒಬ್ಬನೇ ಆಡಿ ನೋಡೋಣವೆಂದು ಭಾನುವಾರ ಮಧ್ಯಾಹ್ನ ಕೂತೆ. ಮಂಜು ಕವಿದ ದ್ವೀಪ, ಅದರಲ್ಲೊಂದು ದೀಪದ ಗೋಪುರ, ಗೋಪುರ ಬಿಟ್ಟು ಹೋಗಲೊಲ್ಲದ ಒಂದು ಮುದಿ ದೆವ್ವ. ಅದು ಕಳೆದುಕೊಂಡ ಲಾಟೀನು ಹುಡುಕಿಕೊಟ್ಟು, ಮಂಜು ಊರನ್ನು ನುಂಗುವ ಮೊದಲು ಅದನ್ನು ಕಳಿಸಿಕೊಡಬೇಕು. ಕೊನೆಯಲ್ಲಿ ಏನು ಮಾಡಬೇಕೆಂದು ದೆವ್ವಕ್ಕೆ ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಅದು ಅಕ್ಷರಶಃ ಮಾಡುತ್ತದೆ.

ನಾನೇ ಅಂಬಿಗ, ನಾನೇ ದೀಪದವನು. ಮನೆ ಹತ್ತಿರದ ಕೆರೆಯ ಕಡೆಯಿಂದ ಗಾಳಿ ತಣ್ಣಗೆ ಬರುತ್ತಿತ್ತು. ಪರದೆ ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ನನಗೆ ನಿಜವಾಗಿಯೂ ಅಲೆಗಳ ಸದ್ದು ಕೇಳತೊಡಗಿತು. ಎಷ್ಟು ಹಿತವಾಗಿತ್ತೆಂದರೆ, ಅಲ್ಲೇ ಇದ್ದುಬಿಡೋಣ ಅನ್ನಿಸಿತು.

"ನೀವು ಮೇಲೆ ಹತ್ತಿ," ಎಂದು ದೀಪದವನಿಗೆ ಗಟ್ಟಿಯಾಗಿ ಹೇಳಿದೆ, "ನಾನು ದೋಣಿ ಹಿಡ್ಕೊಂಡಿರ್ತೀನಿ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ದೋಣಿ ಹಿಡ್ಕೊಂಡಿದ್ದು ಸಾಕು ಕಣ್ರೀ. ಅಲೆ ಸದ್ದು ಕೇಳ್ತಿಲ್ವಾ? ಟ್ಯಾಂಕರ್ ಬಂದು ಸಂಪ್‌ಗೆ ನೀರು ಬಿಡ್ತಿದಾನೆ. ಹೋಗಿ ಪೈಪ್ ಹಿಡ್ಕೊಳ್ಳಿ."

ಬಾಗಿಲಲ್ಲಿ

ಮಾರನೇ ದಿನ ಮಗಳು ಆಟಕ್ಕೆ ಕೂತಳು. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮನಿಗೆ ಕಥೆ ಕಿವಿಗೆ ಬಿತ್ತು. "ಪಾಪ, ಆ ದೆವ್ವಕ್ಕೆ ಮಕ್ಕಳು ಮರಿ ಇಲ್ವೇನೋ?" ಎನ್ನುತ್ತಾ ತಾನೂ ಬಂದು ಕೂತಳು.

ಮಗಳು ಗೋಡೆ ನೋಡಿಕೊಂಡು ನನಗೆ ಹೇಳಿದಳು, "ಅಪ್ಪ, ಅಜ್ಜಿಗೆ ಹೇಳು, ದಾಳ ಹಾಕ್ಲಿ ಅಂತ." ನಾನು ಅಜ್ಜಿಗೆ ಹೇಳಿದೆ. "ಹಾಕಿದೀನಿ ಅಂತ ಹೇಳು," ಅಂದಳು ಅಮ್ಮ. ಮೂವರ ಆಟದಲ್ಲಿ ನನಗೆ ಸಿಕ್ಕಿದ್ದು ಪೋಸ್ಟ್‌ಮನ್ ಕೆಲಸ.

ಹೇಗೋ ಲಾಟೀನು ಸಿಕ್ಕಿತು. ಮಂಜು ಊರಿನಿಂದ ಒಂದೇ ಮನೆ ಆಚೆಗಿತ್ತು. ದೆವ್ವಕ್ಕೆ ಹೇಳುವ ಸರದಿ ಅಮ್ಮನದು. ಅವಳು ದೆವ್ವದ ಪುಟ್ಟ ಗೊಂಬೆಯನ್ನು ಗೋಪುರದ ಹೊಸಿಲ ಹತ್ತಿರ ನಿಲ್ಲಿಸಿ, ತಲೆ ಸವರಿ, ಅಕ್ಕರೆಯಿಂದ ಅಂದಳು, "ಹೋಗಿ ಬಾಪ್ಪ."

"ಅಜ್ಜೀ!" ಮಗಳು ಕಿರುಚಿದಳು. "ಬಾ ಅಂದ್ಬಿಟ್ಯಲ್ಲ!"

"ಮತ್ತೆ? ಬಾಗ್ಲಲ್ಲಿ ನಿಂತೋರಿಗೆ ಬರೀ ಹೋಗು ಅಂತಾರೇನೇ?"

"ಅದು ಹೋಗಿ, ಬಂದ್ಬಿಡತ್ತೆ!"

ಆಟ ಅಂದಮೇಲೆ ಆಟ. ಮಗಳು ದೆವ್ವವನ್ನು ಸಮುದ್ರದವರೆಗೆ ಕಳಿಸಿ, ತಿರುಗಿ ಗೋಪುರಕ್ಕೆ ತಂದು ಕೂರಿಸಿದಳು. ಮಂಜು ಊರನ್ನು ನುಂಗಿತು. ಇನ್ನು ಅಳು ಶುರುವಾಗುತ್ತದೆಂದುಕೊಂಡೆ. ಅವಳು ಅಜ್ಜಿಯ ತೊಡೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು. "ನೀನೂ ಸೋತೆ ಅಜ್ಜೀ! ನೀನೂ ಸೋತೆ!"

ವಾರದ ಮೇಲೆ ಮಾತು ಬಂದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೊಂದು ಸಲ ಸೋಲೋಣ ಅಂದೆ. ಉಳಿದ ದಿನಗಳಲ್ಲಿ ಒಟ್ಟು ಹನ್ನೊಂದು ಸಲ ಸೋತೆವು. ಅಮ್ಮ ಒಂದು ಸಲವೂ ಬರೀ "ಹೋಗು" ಅನ್ನಲಿಲ್ಲ.

ಯಶವಂತಪುರ

ತಿಂಗಳು ಮುಗಿದು ಅಮ್ಮನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆವು. ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಕೆಳಗಿಳಿದೆವು. ಮಗಳು ದಾರಿಯುದ್ದಕ್ಕೂ ಅಜ್ಜಿಯ ಕೈ ಬಿಟ್ಟಿರಲಿಲ್ಲ.

ರೈಲು ಕೂಗಿತು. ಅಮ್ಮ ಕಣ್ಣೊರೆಸಿಕೊಂಡು, "ಸರಿ ಕಣೆ ಪುಟ್ಟಿ, ಹುಷಾರು," ಅಂದಳು.

ಮಗಳು ಕಿಟಕಿಯ ಸರಳು ಹಿಡಿದುಕೊಂಡಳು. "ಹಾಗಲ್ಲ ಅಜ್ಜೀ! ಸರಿಯಾಗಿ ಹೇಳು, ಹೋಗಿ ಬರ್ತೀನಿ ಅಂತ! ಹಾಗಂದಿದ್ದಕ್ಕೇ ಅಲ್ವಾ ದೆವ್ವ ಪ್ರತಿ ಸಲ ವಾಪಸ್ ಬಂದಿದ್ದು!"

ಬೋಗಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಎದುರು ಸೀಟಿನವರು ಬ್ಯಾಗನ್ನು ಮಡಿಲಿಗೆಳೆದುಕೊಂಡು ಮೆಲ್ಲಗೆ ಕೇಳಿದರು, "ಯಾವ ದೆವ್ವ ಅಮ್ಮಾ?"

"ನಾನೇ ಕಣಪ್ಪಾ," ಅಂದಳು ಅಮ್ಮ. ಆಮೇಲೆ ಮಗಳ ಕಡೆ ತಿರುಗಿ, ಪ್ಲಾಟ್‌ಫಾರಂಗೆಲ್ಲ ಕೇಳುವ ಹಾಗೆ ಕೂಗಿದಳು, "ಹೋಗಿ ಬರ್ತೀನಿ ಕಣೇ! ದಸರಾ ರಜಕ್ಕೆ!"