ಸ್ಯಾಮ್ಸನ ಹಿಡಿದ ನೆರಳು

ನನಗ ನೆನಪು ಕೈಕೊಡ್ತದ ಅಂತ ಯಾರೋ ವಾಟ್ಸಾಪ್ ಗ್ರೂಪಿನಾಗ ಹಾಕ್ಯಾರಂತ. ಯಾರು ಅಂತ ಗೊತ್ತದ, ಹೆಸರು ತಗಿಯಂಗಿಲ್ಲ. ನಿನ್ನಿ ಉಂಡ ಪಲ್ಯಾ ಯಾವುದಂತ ಹೆಂಡ್ತಿಗಿ ಕೇಳೋ ಮಂದಿ ನನ್ನ ನೆನಪು ತೂಗ್ತಾರ. ಕೇಳ್ರಿ. ಅವತ್ತು ಜನವರಿ ಒಂದು, ಗುರುವಾರ. ಸ್ಯಾಮ್ಸನ ಕಂದು ಸ್ವೆಟರ್ ಹಾಕಿದ್ದ, ಅದರ ಮ್ಯಾಲಿನ ಗುಂಡಿ ಹೋಗಿತ್ತು. ಇನ್ನೇನು ಸಾಕ್ಷಿ ಬೇಕ್ರಿ? ಸುಮ್ನ ಕೂತು ಕೇಳ್ರಿ.

ಬೀದರಿನ ಶಾಲಾ ಮಾಸ್ತರ ಸ್ಯಾಮ್ಸನನಿಗೆ ಆ ದಿನ ಒಂದೇ ಕೆಲಸವಿತ್ತು. ಹುಣಸೆ ಬಾಗ್ ಪಾರ್ಕಿನ ದೊಡ್ಡ ಹುಣಸೆಮರದ ಕೆಳಗೆ ಜಾಗ ಹಿಡಿಯಬೇಕು. ಹೊಸ ವರ್ಷದ ದಿನ ಚರ್ಚಿನ ಆರಾಧನೆ ಮುಗಿಸಿ ಇಡೀ ಬಳಗ ಪಾರ್ಕಿನಲ್ಲಿ ಉಣ್ಣುವುದು ಅವರ ಮನೆಯ ರೂಢಿ. ಆ ಪಾರ್ಕಿನಲ್ಲಿ ನೆರಳು ಕೊಡುವ ಮರ ಅದೊಂದೇ. ಉಳಿದವೆಲ್ಲ ನೆಟ್ಟವರ ಫೋಟೊಗಾಗಿ ಬಂದು ನಿಂತ ಸಸಿಗಳು. ಅವುಗಳ ನೆರಳು ಕೋಳಿಮರಿಗೂ ಸಾಲದು.

ಹೋದ ವರ್ಷ ಸ್ಯಾಮ್ಸನ ತಡಮಾಡಿದ್ದರಿಂದ ಬಳಗವೆಲ್ಲ ಕಸದ ಡಬ್ಬಿಯ ಪಕ್ಕ, ಬಿಸಿಲಲ್ಲಿ ಕೂತು ಉಂಡಿತ್ತು. ಹೆಂಡತಿ ಸುಸನ್ನಾಳ ತಮ್ಮ, ಭಾಲ್ಕಿಯ ಜಾನ್ಸನ, ಮದುವೆ ಮನೆ, ಸಾವಿನ ಮನೆ ಅನ್ನದೆ ಹೋದಲ್ಲೆಲ್ಲ ಆ ಕತೆ ಹೇಳಿಕೊಂಡು ತಿರುಗಿದ್ದ. ಈ ಸಲ ಮೊದಲೇ ಫೋನ್ ಮಾಡಿದ.

“ಭಾವ, ಈ ಸಲಾನೂ ನೆರಳು ಸಿಗಲಿಲ್ಲಂದ್ರ ಮುಂದಿನ ವರ್ಷದಿಂದ ಎಲ್ಲಾರೂ ಭಾಲ್ಕಿಗೇ ಬರ್ರಿ. ನಮ್ಮ ಅಂಗಳದಾಗ ಶಾಮಿಯಾನಾ ಹಾಕಸ್ತೇನಿ. ನಿಮಗ ಯಾಕ ತ್ರಾಸ?”

ಜಾನ್ಸನನ ಶಾಮಿಯಾನಾದ ಕೆಳಗೆ ಕೂತು, ಅವನು ಬಡಿಸಿದ ಸಾರಿನ ಜೊತೆ ಅವನ ಮಾತನ್ನೂ ನುಂಗುವ ಬದಲು ಸ್ಯಾಮ್ಸನ ಮಣ್ಣು ತಿನ್ನಲು ತಯಾರಿದ್ದ.

ಬೆಳಗಿನ ಆರಕ್ಕೇ ಹೋಗಿ ಮರದ ಬುಡದಲ್ಲಿ ಜಮಖಾನೆ ಹಾಸಿ ಕೂತ. ಬೀದರಿನ ಜನವರಿ ಗಾಳಿ ಸಾಲ ವಸೂಲಿಗೆ ಬಂದವನಂತೆ ಸ್ವೆಟರಿನ ಒಳಗೆಲ್ಲ ಹುಡುಕಾಡತೊಡಗಿತು. ಗಾಳಿಗೆ ಅಡ್ಡ ಇರಲೆಂದು ಒಂದು ಹಳೆಯ ಫ್ಲೆಕ್ಸ್ ತಂದಿದ್ದ. ಮನೆಯ ಮಾಳಿಗೆಯ ಮೇಲೆ ಕಟ್ಟಿಗೆಗೆ ಹೊದಿಸಿದ್ದು, ಯಾರದೋ ಯಾವುದೋ ಕಾಲದ್ದು. ಕತ್ತಲಲ್ಲೇ ಅದನ್ನು ಮರಕ್ಕೂ ದೀಪದ ಕಂಬಕ್ಕೂ ಕಟ್ಟಿದ. ಬಿಳಿ ಬದಿ ತನ್ನ ಕಡೆ, ಅಕ್ಷರದ ಬದಿ ದಾರಿಯ ಕಡೆ.

ಏಳೂವರೆಗೆ ವಾಕಿಂಗ್ ಮಂದಿ ಬಂದರು. ಒಬ್ಬೊಬ್ಬರೂ ಅವನೆದುರು ನಿಂತು ಕೈ ಮುಗಿದು ಮುಂದೆ ಹೋದರು. ಹೊಸ ವರ್ಷಕ್ಕೆ ಎಲ್ಲರೂ ಸುಧಾರಿಸಿದ್ದಾರೆ ಅಂದುಕೊಂಡು ಸ್ಯಾಮ್ಸನನೂ ಕೈ ಮುಗಿದ. ಚಾಪೆ, ಬುಟ್ಟಿ ಹೊತ್ತ ಒಂದು ದೊಡ್ಡ ಕುಟುಂಬ ಮರದ ಕಡೆ ನುಗ್ಗಿ ಬಂತು, ಫ್ಲೆಕ್ಸ್ ನೋಡಿತು, ಚಪ್ಪಲಿ ಸದ್ದಾಗದಂತೆ ವಾಪಸ್ ಹೋಯಿತು. ಹಿಂದೆಯೇ ಬಂದ ಇನ್ನೆರಡು ಕುಟುಂಬಗಳೂ ಹಾಗೇ ಮಾಡಿದವು. ಸ್ಯಾಮ್ಸನನಿಗೆ ಆಶ್ಚರ್ಯವಾಯಿತು.

ಒಂಬತ್ತಕ್ಕೆ ಅವನಿಗೆ ಬೇರೆ ಕಷ್ಟ ಶುರುವಾಯಿತು. ಚಳಿ, ಮೇಲೆ ಎರಡು ಲೋಟ ಚಹಾ. ಎದ್ದರೆ ಜಾಗ ಹೋಗುತ್ತದೆ, ಕೂತರೆ ಮಾನ ಹೋಗುತ್ತದೆ. ಅಷ್ಟರಲ್ಲಿ ವಾಕಿಂಗ್ ಸಂಘದ ಅಧ್ಯಕ್ಷ ನಂದಕುಮಾರ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಮಾಸ್ತರ, ನಿಮ್ಮ ಬೇಡಿಕಿ ಏನ್ರಿ? ಅಲ್ಲಿ ಅಷ್ಟೇ ಹರದು ಹೋಗ್ಯದ.”

ಬೇಡಿಕೆ ಯಾವುದು, ಹರಿದದ್ದು ಏನು ಎಂದು ವಿಚಾರಿಸುವ ಸ್ಥಿತಿಯಲ್ಲಿ ಸ್ಯಾಮ್ಸನ ಇರಲಿಲ್ಲ. “ಇಷ್ಟು ದೊಡ್ಡ ಪಾರ್ಕಿಗಿ ಒಂದು ಪಾಯಖಾನಿ ಇಲ್ಲೇನ್ರಿ?” ಅಂದ.

ನಂದಕುಮಾರರ ಕಣ್ಣು ತುಂಬಿ ಬಂತು. “ಹನ್ನೊಂದು ವರ್ಷ ಆತ್ರಿ, ನಾವು ಮುದುಕ್ರು ಆ ಗೋಡಿ ಹಿಂದ ಹೋಗ್ತೇವಿ. ಒಬ್ಬ ನಿಂತ್ರ ಇನ್ನೊಬ್ಬ ಕಾವಲು. ಯಾರೂ ಕೇಳಿದ್ದಿಲ್ಲ. ನೀವು ಅದರ ಸಲುವಾಗಿ ಜೀವಾನೇ ಪಣಕ್ಕಿಟ್ಟೀರಿ. ಹೋಗಿ ಬರ್ರಿ, ನಿಮ್ಮ ಜಾಗಾ ನಾ ಕಾಯ್ತೇನಿ.”

ಗೋಡೆಯ ಹಿಂದಿನಿಂದ ಹಗುರಾಗಿ ಬಂದ ಸ್ಯಾಮ್ಸನ ಮೊದಲ ಸಲ ಫ್ಲೆಕ್ಸಿನ ಮುಂಭಾಗ ನೋಡಿದ. ಕೆಂಪು ಅಕ್ಷರದಲ್ಲಿ ‘ಬೇಡಿಕೆ ಈಡೇರುವವರೆಗೆ ಆಮರಣಾಂತ ಉಪವಾಸ’ ಅಂತಿತ್ತು. ಬೇಡಿಕೆ ಬರೆದ ಕಡೆ ಇಲಿ ಕಡಿದ ತೂತು.

ಕಿತ್ತು ಎಸೆಯಲು ಕೈ ಎತ್ತಿದ. ಅಷ್ಟರಲ್ಲಿ ಸುತ್ತ ಕಣ್ಣು ಹೋಯಿತು. ಬಿಸಿಲಲ್ಲಿ ಹದಿನೈದು ಕುಟುಂಬಗಳು ಚಾಪೆ ಸುತ್ತಿ ಕಂಕುಳಲ್ಲಿ ಹಿಡಿದು, ಮರದ ಕಡೆ ರಣಹದ್ದಿನಂತೆ ನೋಡುತ್ತ ನಿಂತಿದ್ದವು. ಫ್ಲೆಕ್ಸ್ ಬಿಚ್ಚಿದ ಮರುಕ್ಷಣ ಅವನ ಪಾಲಿಗೆ ಜಮಖಾನೆಯಷ್ಟೇ ಜಾಗ ಉಳಿಯುತ್ತಿತ್ತು. ಭಾಲ್ಕಿಯವರು ಹನ್ನೆರಡು ಮಂದಿ, ನಾದಿನಿ ಪರ್ಲಳ ಜೊತೆ ಔರಾದದಿಂದ ಬರುವವರು ಒಂಬತ್ತು. ಸ್ಯಾಮ್ಸನ ಕೈ ಇಳಿಸಿ, ಮುಖ ಸಣ್ಣದು ಮಾಡಿಕೊಂಡು ಹೋಗಿ ಕೂತ.

ಆಮೇಲೆ ಅವನಿಗೆ ಏನೂ ಕಡಿಮೆಯಾಗಲಿಲ್ಲ, ಊಟವೊಂದು ಬಿಟ್ಟು. ರುಕ್ಮಿಣಿಬಾಯಿ ಅನ್ನುವ ನಿವೃತ್ತ ಹಾಸ್ಟೆಲ್ ವಾರ್ಡನ್ ಚೆಂಡುಹೂವಿನ ಹಾರ ಹಾಕಿ, ಪಕ್ಕದಲ್ಲೇ ಕುರ್ಚಿ ತರಿಸಿ ಕೂತರು. “ಮೂವತ್ತು ವರ್ಷ ಹುಡುಗೂರು ಕದ್ದು ತಿನ್ನೂದು ಹಿಡದೇನಿ. ಯಾರೂ ನಿಮ್ಮ ಉಪವಾಸ ಕೆಡಸಂಗಿಲ್ಲ, ನೀವು ಕಾಳಜಿ ಮಾಡಬ್ಯಾಡ್ರಿ,” ಅಂದರು.

ಹನ್ನೆರಡಕ್ಕೆ ಬಳಗ ಬಂತು. ಮರದ ಕೆಳಗಿನ ಇಡೀ ನೆರಳು ಖಾಲಿ, ನಡುವೆ ಹಾರ ಹಾಕಿಕೊಂಡ ಸ್ಯಾಮ್ಸನ. ಜಾನ್ಸನನ ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಅದನ್ನು ನೋಡಲೆಂದೇ ಸ್ಯಾಮ್ಸನ ಬೆಳಗಿನಿಂದ ಕಾದಿದ್ದ.

ಸುಸನ್ನಾ ಬಗ್ಗಿ ಕಿವಿಯಲ್ಲಿ ಕೇಳಿದಳು. “ಏನ್ರಿ ಇದು ಉಪವಾಸ? ಮುಂಜಾನಿ ಆರು ಕರ್ಜಿಕಾಯಿ ತಿಂದೀರಿ.”

“ಬಾಯಿ ಮುಚ್ಚು. ನೆರಳು ಸಿಕ್ಕದ. ಕೂಡ್ರಿ.”

ಪರ್ಲ ಮಟನ್ ಪಾತ್ರೆಯ ಮುಚ್ಚಳ ತೆಗೆದಳು. ರುಕ್ಮಿಣಿಬಾಯಿ ಎದ್ದು ನಿಂತರು.

“ಏನವಾ, ಮನಷಾ ಸಾಯಾಕ ಕೂತಾನ, ಎದುರಿಗಿ ಎಲುಬು ಕಡಿತೀರಿ? ನಡೀರಿ ಅತ್ಲಾಗ.”

ವಾಕಿಂಗ್ ಸಂಘದ ಏಳೂ ಮಂದಿ ಕೈ ಕೈ ಹಿಡಿದು ಮರಕ್ಕೆ ಬೇಲಿಯಾದರು. ಬಳಗ ಪಾತ್ರೆ ಎತ್ತಿಕೊಂಡು ಪಾರ್ಕೆಲ್ಲ ಸುತ್ತಿತು. ಜಾಗ ಉಳಿದದ್ದು ಕಸದ ಡಬ್ಬಿಯ ಹತ್ತಿರ ಮಾತ್ರ. ಮಟನ್ ವಾಸನೆ ಮಾತ್ರ ಬೇಲಿ ದಾಟಿ ಸ್ಯಾಮ್ಸನನ ಮೂಗಿಗೆ ಬಂದು ಕೂತಿತು. ಜಾನ್ಸನ ಅಲ್ಲಿಂದಲೇ ನಳ್ಳಿ ಎಲುಬು ಎತ್ತಿ ತೋರಿಸಿದ.

“ಭಾವ, ನೆರಳಿನ ಬಂದೋಬಸ್ತ್ ಛಲೋ ಮಾಡೀರಿ. ಒಬ್ರೇ ಆರಾಮ ಕೂಡ್ರಿ.”

ಎರಡಕ್ಕೆ ಜೀಪು ಬಂತು. ಯಾರೋ ವಿಡಿಯೊ ಹಾಕಿದ್ದರಿಂದ ಒಬ್ಬ ಸಾಹೇಬರು ಕಡತ, ನಿಂಬೆ ಶರಬತ್ತು, ಫೋಟೊದವನು ಮೂರನ್ನೂ ಜೊತೆಗೇ ತಂದಿದ್ದರು. ಸ್ಯಾಮ್ಸನ ಲೋಟವನ್ನು ಕಸಿದುಕೊಂಡಂತೆ ಕುಡಿದ. ಜನ ಚಪ್ಪಾಳೆ ತಟ್ಟಿದರು.

“ಪಾಯಖಾನಿ ಮಂಜೂರು,” ಅಂದರು ಸಾಹೇಬರು. “ಜಾಗಾ ಹುಡುಕಿಕೋತ ಕೂತ್ರ ವರ್ಷ ಹೋಗ್ತದ. ಹೋರಾಟ ಎಲ್ಲಿ ಆಗ್ಯದ, ಅಲ್ಲೇ ಕಟ್ತೇವಿ. ಮರದ ಬುಡಕ್ಕ. ಒಳಗ ಕೂತವ್ರಿಗಿ ತಂಪನೂ ಇರ್ತದ.”

ಸ್ಯಾಮ್ಸನ ಖಾಲಿ ಲೋಟ ಕೆಳಗಿಟ್ಟು ಕೈ ಮುಗಿದ. “ಸಾಹೇಬ್ರ, ಇಲ್ಲಿ ಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ, ಬ್ಯಾರೆ ಎಲ್ಲ್ಯರ ಕಟ್ರಿ.”

“ನೋಡ್ರಿ, ತಾ ಕೂತ ಜಾಗಾಕ್ಕ ತನ್ನ ಹೆಸರು ಬರೂದು ಬ್ಯಾಡ ಅಂತಾರ,” ನಂದಕುಮಾರ ಕಣ್ಣು ಒರೆಸಿಕೊಂಡರು. “ಸಾಹೇಬ್ರ, ಇಂಥವರ ಹೆಸರು ಗೋಡಿ ಮ್ಯಾಲೆ ಬರೀಲೇಬೇಕ್ರಿ.”

ಅಲ್ಲೇ ಸುಣ್ಣದ ಗೆರೆ ಎಳೆದರು. ಗೆರೆ ಜಮಖಾನೆಯ ಮೇಲೂ ಹಾದುಹೋಯಿತು. ಎರಡು ತಿಂಗಳಿಗೆ ಕಟ್ಟಡ ಎದ್ದಿತು. ಅಲ್ಲಿ ಈಗ ಚಾಪೆ ಹಾಸುವ ಧೈರ್ಯ ಯಾರಿಗೂ ಇಲ್ಲ. ಜಾನ್ಸನ ಶಾಮಿಯಾನಾದವನಿಗೆ ಮುಂಗಡ ಕೊಟ್ಟು ಬಂದಿದ್ದಾನೆ.

ಈಗ ನಿಮ್ಮದೊಂದು ಕೆಲಸ ಅದ. ಆ ಗೋಡಿ ಮ್ಯಾಲೆ ‘ತ್ಯಾಗಮೂರ್ತಿ ಸ್ಯಾಮ್ಸನ’ ಅಂತ ದೊಡ್ಡದಾಗಿ ಬರ್ದು, ಹಾರ ಹಾಕಿದ ಫೋಟೊ ಹಚ್ಯಾರ. ಅದನ್ನ ನೋಡಿದ ಮಂದಿ ದಿನಾ ಒಬ್ರಿಲ್ಲ ಒಬ್ರು ಸುಸನ್ನಾಗ ಸಮಾಧಾನ ಹೇಳಾಕ ಮನಿಗಿ ಬರ್ತಾರ, ಚಹಾ ಸ್ಯಾಮ್ಸನನೇ ಮಾಡಿ ಕೊಡ್ತಾನ. ಅದಕ್ಕ ಇದನ್ನ ಕಮಠಾಣದಿಂದ ಚಿಂತಾಕಿ ತನಕ ಎಲ್ಲಾರಿಗೂ ಕಳಸ್ರಿ. ಅವ ಬದುಕ್ಯಾನ ಅಂತ ಹೇಳ್ರಿ.